ಕಾರಿಗೂ ಸ್ಕ್ಯಾನರ್‌ಗೂ ಸಂಪರ್ಕ ಸಿಗುತ್ತಿಲ್ಲವೇ? ಫ್ಯೂಸ್‌ನಿಂದ ಇಸಿಯುವರೆಗೆ ಹುಡುಕುವ ಕ್ರಮ

ಚೆಕ್ ಎಂಜಿನ್ ದೀಪ ಉರಿಯುತ್ತಿದೆ, ಕೋಡ್ ಓದೋಣವೆಂದು ಸ್ಕ್ಯಾನರ್ ಚುಚ್ಚಿದರೆ ‘ಲಿಂಕ್ ಎರರ್’ ಎಂದು ಬರುತ್ತದೆ. ಇಂಥ ಹೊತ್ತಿನಲ್ಲಿ ಮನಸ್ಸು ಎರಡೇ ಕಡೆ ಓಡುತ್ತದೆ: ಸ್ಕ್ಯಾನರ್ ಕೆಟ್ಟಿದೆ, ಇಲ್ಲವೇ ಕಾರಿನ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಹೋಗಿದೆ. ಎರಡೂ ಜೇಬಿಗೆ ಭಾರವಾಗುವ ತೀರ್ಮಾನಗಳೇ. ಆದರೆ ಇವೆರಡರ ನಡುವೆ ಒಂದು ಫ್ಯೂಸ್ ಇದೆ, ಎರಡು ಅರ್ಥ್ ತಂತಿಗಳಿವೆ, ಸ್ಕ್ಯಾನರ್ ಚುಚ್ಚುವ ಹದಿನಾರು ಪಿನ್‌ಗಳ ಸಾಕೆಟ್ ಇದೆ, ಒಂದು ಜೊತೆ ಡೇಟಾ ತಂತಿ ಇದೆ, ಫೋನ್ ಬಳಸುವವರಾದರೆ ಫೋನಿನ ಅನುಮತಿಗಳೂ ಇವೆ. ತೊಂದರೆ ಹೆಚ್ಚಾಗಿ ಅಡಗಿರುವುದು ಈ ನಡುವಿನ ಜಾಗದಲ್ಲೇ. ಸುಲಭದ್ದರಿಂದ ಶುರುಮಾಡಿ ಕಷ್ಟದ್ದರ ಕಡೆಗೆ ಒಂದೊಂದನ್ನೇ ಖಚಿತಪಡಿಸಿಕೊಳ್ಳುತ್ತ ಹೋಗಿ. ಯಾವುದನ್ನೂ ಊಹೆಯ ಮೇಲೆ ಬಿಚ್ಚಬೇಡಿ, ಊಹೆಯ ಮೇಲೆ ಕೊಳ್ಳಲೂ ಬೇಡಿ.

ಒಂದು ಡಿಜಿಟಲ್ ಮಲ್ಟಿಮೀಟರ್, 12 ವೋಲ್ಟ್ ಬಲ್ಬಿರುವ ಟೆಸ್ಟ್ ಲ್ಯಾಂಪ್, ಟಾರ್ಚ್ ಮತ್ತು ಫ್ಯೂಸ್ ಚಾರ್ಟ್ ಇರುವ ಕಾರಿನ ಕೈಪಿಡಿ ಜೊತೆಗಿರಲಿ. ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕುವಾಗ ಹಳದಿ ಕನೆಕ್ಟರ್ ಅಥವಾ ಹಳದಿ ಕವಚದ ತಂತಿ ಕಂಡರೆ ಮುಟ್ಟಬೇಡಿ. ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು. ಅದರ ಮೇಲೆ ಟೆಸ್ಟ್ ಲ್ಯಾಂಪ್ ಪ್ರಯೋಗ ಮಾಡುವುದು ಅಪಾಯ. ವಾಹನ 24 ವೋಲ್ಟಿನದ್ದಾದರೆ, ನಿಮ್ಮ ಸ್ಕ್ಯಾನರ್ 24 ವೋಲ್ಟ್ ತಡೆಯುತ್ತದೆಂದು ಖಚಿತವಾಗುವವರೆಗೆ ಚುಚ್ಚಲೇಬೇಡಿ.

## ಮೊದಲು ಎರಡು ಪ್ರಶ್ನೆ

ಸ್ಕ್ಯಾನರ್ ಚುಚ್ಚಿದ ತಕ್ಷಣ ಅದರ ಪರದೆ ಅಥವಾ ದೀಪ ಹತ್ತುತ್ತದೆಯೇ? ಇದು ಮೊದಲ ಪ್ರಶ್ನೆ. ಹತ್ತದಿದ್ದರೆ ಸಮಸ್ಯೆ ಕರೆಂಟಿನದು: ಫ್ಯೂಸ್, ಅರ್ಥ್ ಅಥವಾ ಸಾಕೆಟ್. ಪರದೆ ಹತ್ತಿಯೂ ‘ಸಂಪರ್ಕ ಇಲ್ಲ’ ಎಂದರೆ ಕರೆಂಟ್ ಬರುತ್ತಿದೆ, ಮಾತು ಹೋಗುತ್ತಿಲ್ಲ ಎಂದರ್ಥ. ಆಗ ಡೇಟಾ ತಂತಿ, ಪ್ರೋಟೋಕಾಲ್ (ಮಾತಿನ ಭಾಷೆ), ಇಸಿಯು ಕಡೆಗೆ ನೋಡಬೇಕು. ಒಳಗೆ ಸ್ವಂತ ಬ್ಯಾಟರಿ ಇರುವ ಟ್ಯಾಬ್ಲೆಟ್ ಮಾದರಿಯ ಸ್ಕ್ಯಾನರ್ ಇಲ್ಲಿ ದಾರಿ ತಪ್ಪಿಸುತ್ತದೆ. ಅದರ ಪರದೆ ಹೇಗಿದ್ದರೂ ಹತ್ತುತ್ತದೆ. ಸಾಕೆಟ್ಟಿಗೆ ಚುಚ್ಚುವ ತುಂಡಿನ ದೀಪವನ್ನೇ ನೋಡಿ.

ಅದೇ ಸ್ಕ್ಯಾನರ್ ಇನ್ನೊಂದು ಕಾರಿನಲ್ಲಿ ಕೆಲಸ ಮಾಡುತ್ತದೆಯೇ? ಇದು ಎರಡನೆಯದು. ಐದು ನಿಮಿಷದ ಕೆಲಸ, ಆದರೆ ಅರ್ಧ ಹುಡುಕಾಟ ಇಲ್ಲೇ ಮುಗಿಯುತ್ತದೆ. ಎರಡನೇ ಕಾರಿನಲ್ಲೂ ಸಂಪರ್ಕ ಸಿಗದಿದ್ದರೆ ದೋಷ ಸ್ಕ್ಯಾನರ್, ಅದರ ಕೇಬಲ್ ಅಥವಾ ಫೋನಿನಲ್ಲಿದೆ. ಅಲ್ಲಿ ಸಲೀಸಾಗಿ ಓದಿದರೆ ನಿಮ್ಮ ಕಾರಿನಲ್ಲಿದೆ, ಅಥವಾ ನಿಮ್ಮ ಕಾರಿನ ಭಾಷೆ ಆ ಸ್ಕ್ಯಾನರ್‌ಗೆ ಬರುವುದಿಲ್ಲ. ಎರಡನೇ ಕಾರು ಸಿಗುವ ಅವಕಾಶವಿದ್ದರೆ ಈ ಪರೀಕ್ಷೆಯನ್ನು ಬಿಡಲೇಬೇಡಿ.

## ಕೀ ಎಲ್ಲಿದೆ, ಬ್ಯಾಟರಿ ಎಷ್ಟಿದೆ

ಸಾಕೆಟ್ಟಿನ 16ನೇ ಪಿನ್ನಿಗೆ ಬ್ಯಾಟರಿಯಿಂದ ನೇರ ಕರೆಂಟ್ ಇರುತ್ತದೆ. ಹಾಗಾಗಿ ಕೀ ಆಫ್ ಆಗಿದ್ದರೂ ಸ್ಕ್ಯಾನರ್ ಹತ್ತುತ್ತದೆ. ಆದರೆ ಇಸಿಯು ಎಚ್ಚರವಾಗುವುದು ಇಗ್ನಿಷನ್ ಆನ್ ಆದಾಗ ಮಾತ್ರ. ಹಾಡು ಕೇಳುವ ‘ಎಸಿಸಿ’ ಸ್ಥಾನ ಸಾಲದು; ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪಗಳೆಲ್ಲ ಒಮ್ಮೆ ಹತ್ತುವ ‘ಆನ್’ ಸ್ಥಾನ ಬೇಕು. ಬಟನ್ ಸ್ಟಾರ್ಟ್ ಕಾರುಗಳಲ್ಲಿ ಬ್ರೇಕ್, ಕ್ಲಚ್ ಯಾವುದನ್ನೂ ಒತ್ತದೆ ಬಟನ್ ಒತ್ತಿ. ಕೆಲವು ಕಾರುಗಳಲ್ಲಿ ಎರಡು ಸಲ ಒತ್ತಬೇಕಾಗುತ್ತದೆ.

ಆನ್ ಮಾಡಿದಾಗ ಚೆಕ್ ಎಂಜಿನ್ ದೀಪ ಹತ್ತುತ್ತದೆಯೇ ಎಂದು ಗಮನಿಸಿ. ಎಂಜಿನ್ ಸ್ಟಾರ್ಟ್ ಆಗುವ ಮೊದಲು ಅದು ಹತ್ತಲೇಬೇಕು. ಹತ್ತದಿದ್ದರೆ, ಕಾರೂ ಸ್ಟಾರ್ಟ್ ಆಗದಿದ್ದರೆ, ಇಸಿಯುಗೇ ಕರೆಂಟ್ ಇಲ್ಲದಿರುವ ಸಾಧ್ಯತೆ ಬಲವಾಗಿದೆ. ನೇರವಾಗಿ ಕೊನೆಯ ಭಾಗಕ್ಕೆ ಹೋಗಿ. ಕಾರು ಸ್ಟಾರ್ಟ್ ಆಗಿ ಸರಿಯಾಗಿ ಓಡುತ್ತಿದ್ದರೆ ಇಸಿಯು ಜೀವಂತವಾಗಿದೆ. ಅದನ್ನು ದೂರುವುದನ್ನು ಅಲ್ಲಿಗೇ ಬಿಡಿ.

ಬ್ಯಾಟರಿಯನ್ನು ಅದರ ಟರ್ಮಿನಲ್‌ಗಳ ಮೇಲೆಯೇ ಅಳೆಯಿರಿ. ಎಂಜಿನ್ ನಿಂತಿರುವಾಗ ಆರೋಗ್ಯವಂತ ಬ್ಯಾಟರಿ 12.4ರಿಂದ 12.7 ವೋಲ್ಟ್ ತೋರಿಸುತ್ತದೆ. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿ, ಆಮೇಲೆ ಉಳಿದದ್ದು. ವೋಲ್ಟೇಜ್ ಕುಸಿದಾಗ ಕಾರಿನ ಕೆಲವು ಯೂನಿಟ್‌ಗಳು, ಅಂದರೆ ಇಸಿಯುವಿನಂಥ ಪುಟ್ಟ ಕಂಪ್ಯೂಟರ್‌ಗಳು, ಉತ್ತರಿಸುತ್ತವೆ, ಕೆಲವು ಸುಮ್ಮನಾಗುತ್ತವೆ. ಆ ಸ್ಥಿತಿಯಲ್ಲಿ ಕಂಡ ಯಾವ ಲಕ್ಷಣವನ್ನೂ ನಂಬುವಂತಿಲ್ಲ.

## ಸ್ಕ್ಯಾನರ್‌ಗೆ ಜೀವವೇ ಬರದಿದ್ದಾಗ

ಸಾಕೆಟ್ಟಿನ ಫ್ಯೂಸ್ ಅನೇಕ ಕಾರುಗಳಲ್ಲಿ ಸಿಗರೇಟ್ ಲೈಟರ್, ಅಂದರೆ 12 ವೋಲ್ಟ್ ಚಾರ್ಜಿಂಗ್ ಸಾಕೆಟ್ಟಿನ ಫ್ಯೂಸೇ ಆಗಿರುತ್ತದೆ. ಲೈಟರ್ ಸಾಕೆಟ್ಟಿಗೆ ನಾಣ್ಯ ಬಿದ್ದರೆ, ಕಳಪೆ ಚಾರ್ಜರ್ ಒಳಗೆ ಶಾರ್ಟ್ ಆದರೆ ಆ ಫ್ಯೂಸ್ ಸುಡುತ್ತದೆ, ಜೊತೆಗೇ ಸ್ಕ್ಯಾನರ್ ಕೂಡ ಸತ್ತಂತಾಗುತ್ತದೆ. ಆದ್ದರಿಂದ ಮೊದಲ ಪರೀಕ್ಷೆಗೆ ಯಾವ ಉಪಕರಣವೂ ಬೇಡ, ಲೈಟರ್ ಸಾಕೆಟ್ಟಿನಲ್ಲಿ ಫೋನ್ ಚಾರ್ಜ್ ಆಗುತ್ತದೆಯೇ ನೋಡಿದರೆ ಸಾಕು. ಫ್ಯೂಸ್ ಚಾರ್ಟಿನಲ್ಲಿ ‘ಓಬಿಡಿ’, ‘ಡಿಎಲ್‌ಸಿ’, ‘ಡಯಾಗ್’, ‘ಸಿಗ್’, ‘ಪವರ್ ಔಟ್‌ಲೆಟ್’ ಈ ಹೆಸರುಗಳನ್ನು ಹುಡುಕಿ. ಫ್ಯೂಸನ್ನು ಕಣ್ಣಳತೆಯಲ್ಲಿ ನಂಬಬೇಡಿ. ಕೂದಲೆಳೆಯಷ್ಟು ಬಿರುಕು ಕಾಣುವುದಿಲ್ಲ. ಬ್ಲೇಡ್ ಫ್ಯೂಸಿನ ತಲೆಯ ಮೇಲೆ ಎರಡು ಸಣ್ಣ ಲೋಹದ ಚುಕ್ಕೆಗಳಿರುತ್ತವೆ. ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಕಾರಿನ ಬಾಡಿಗೆ ಹಿಡಿಸಿ, ತುದಿಯನ್ನು ಒಂದಾದ ಮೇಲೊಂದರಂತೆ ಎರಡಕ್ಕೂ ಮುಟ್ಟಿಸಿದಾಗ ಬಲ್ಬ್ ಎರಡೂ ಕಡೆ ಹತ್ತಬೇಕು. ಒಂದೇ ಕಡೆ ಹತ್ತಿದರೆ ಫ್ಯೂಸ್ ಹೋಗಿದೆ.

ಅದೇ ಆಂಪಿಯರಿನ ಹೊಸ ಫ್ಯೂಸ್ ಹಾಕಿ. ಅದೂ ಸುಟ್ಟರೆ ಹೆಚ್ಚಿನ ಆಂಪಿಯರ್ ಹಾಕುವ ಯೋಚನೆಯೇ ಬೇಡ. ಮುಂದೆ ಸುಡುವುದು ವೈರಿಂಗ್. ಆ ಫ್ಯೂಸಿನಿಂದ ಕದ್ದು ಎಳೆದ ತಂತಿ ಇದೆಯೇ ಎಂದು ಹುಡುಕಿ. ಜಿಪಿಎಸ್ ಟ್ರ್ಯಾಕರ್, ಡ್ಯಾಶ್ ಕ್ಯಾಮ್, ಅಲಾರಂ ಇವುಗಳಿಗೆ ಸಾಕೆಟ್ಟಿನ ಹಿಂಭಾಗದಿಂದಲೇ ಕರೆಂಟ್ ತೆಗೆದುಕೊಳ್ಳುವವರು ಬಹಳ.

ಫ್ಯೂಸ್ ಸರಿಯಿದ್ದರೆ ಸಾಕೆಟ್ಟಿಗೆ ಬನ್ನಿ. ಅದು ಸಾಮಾನ್ಯವಾಗಿ ಸ್ಟಿಯರಿಂಗ್ ಕೆಳಗೆ, ಚಾಲಕನ ಮೊಣಕಾಲಿನ ಆಸುಪಾಸಿನಲ್ಲಿರುತ್ತದೆ. ಅಗಲ ಬದಿ ಮೇಲೆ ಬರುವಂತೆ ಮುಖಾಮುಖಿ ನೋಡಿದಾಗ ಮೇಲಿನ ಸಾಲಿನಲ್ಲಿ ಎಡದಿಂದ ಬಲಕ್ಕೆ 1ರಿಂದ 8, ಕೆಳಗಿನ ಸಾಲಿನಲ್ಲಿ 9ರಿಂದ 16. ಈಗ ಅಳೆಯಬೇಕಾದ್ದು ಮೂರು ಪಿನ್: 16 ಬ್ಯಾಟರಿ, 4 ಬಾಡಿ ಅರ್ಥ್, 5 ಸಿಗ್ನಲ್ ಅರ್ಥ್. 16ಕ್ಕೂ 4ಕ್ಕೂ ನಡುವೆ, ಆಮೇಲೆ 16ಕ್ಕೂ 5ಕ್ಕೂ ನಡುವೆ ಅಳೆಯಿರಿ. ಎರಡೂ ಸಲ ಬ್ಯಾಟರಿಯ ವೋಲ್ಟೇಜೇ ಬರಬೇಕು. 16ರಿಂದ ಕಾರಿನ ಬಾಡಿಗೆ 12 ವೋಲ್ಟ್ ಇದ್ದು, 16ರಿಂದ 4ಕ್ಕೆ ಇಲ್ಲದಿದ್ದರೆ ಅರ್ಥ್ ತಂತಿ ಕಡಿದಿದೆ.

ಮಲ್ಟಿಮೀಟರ್ ಇಲ್ಲಿ ಒಂದು ವಿಷಯದಲ್ಲಿ ಮೋಸ ಮಾಡಬಲ್ಲದು. ಅದು ಎಳೆಯುವ ಕರೆಂಟ್ ತೀರಾ ಕಡಿಮೆ. ಒಂದೇ ಎಳೆ ಉಳಿದಿರುವ ತಂತಿಯೂ, ತುಕ್ಕು ಹಿಡಿದ ಬೋಲ್ಟೂ ಅದಕ್ಕೆ ಪೂರ್ತಿ 12 ವೋಲ್ಟ್ ತೋರಿಸಿಬಿಡುತ್ತವೆ. ಸ್ಕ್ಯಾನರ್ ಕರೆಂಟ್ ಎಳೆಯತೊಡಗಿದ ಕ್ಷಣ ವೋಲ್ಟೇಜ್ ಕುಸಿಯುತ್ತದೆ. ಅದಕ್ಕೇ 16 ಮತ್ತು 4ರ ನಡುವೆ ಬಲ್ಬಿನ ಟೆಸ್ಟ್ ಲ್ಯಾಂಪ್ ಹಿಡಿದು ಅದು ಪ್ರಖರವಾಗಿ ಉರಿಯುತ್ತದೆಯೇ ನೋಡಿ. ಉರಿಯುತ್ತಿರುವಾಗಲೇ 4ನೇ ಪಿನ್ನಿಂದ ಬ್ಯಾಟರಿಯ ಮೈನಸ್‌ಗೆ ಎಷ್ಟು ವೋಲ್ಟ್ ಇದೆ ಎಂದು ಅಳೆದರೆ 0.2ಕ್ಕಿಂತ ಕಡಿಮೆ ಇರಬೇಕು. ಹೆಚ್ಚಿದ್ದರೆ ಅರ್ಥ್ ಬೋಲ್ಟ್ ಬಿಚ್ಚಿ, ಕೆರೆದು, ಬಿಗಿ ಮಾಡಿ. ಟೆಸ್ಟ್ ಲ್ಯಾಂಪನ್ನು ಕರೆಂಟ್ ಮತ್ತು ಅರ್ಥ್ ಪಿನ್‌ಗಳಿಗೆ ಬಿಟ್ಟು ಡೇಟಾ ಪಿನ್‌ಗಳಿಗೆ ಮುಟ್ಟಿಸಬೇಡಿ.

ಇನ್ನೊಂದು ಮಾತು. ಮಲ್ಟಿಮೀಟರಿನ ದಪ್ಪ ಮೊನೆಯನ್ನು ಸಾಕೆಟ್ಟಿನ ರಂಧ್ರಕ್ಕೆ ತುರುಕಿದರೆ ಒಳಗಿನ ಹಿಡಿಕೆ ಅಗಲವಾಗಿ, ಮುಂದೆ ಸ್ಕ್ಯಾನರಿನ ಪಿನ್ ಸಡಿಲವಾಗಿ ಕೂರುತ್ತದೆ. ಇಲ್ಲದ ರೋಗವನ್ನು ಪರೀಕ್ಷೆಯೇ ತಂದಂತೆ. ತೆಳ್ಳನೆಯ ಪ್ರೋಬ್ ಬಳಸಿ, ಅಥವಾ ಸಾಕೆಟ್ಟಿನ ಹಿಂಬದಿಯಿಂದ ತಂತಿಯ ಪಕ್ಕಕ್ಕೆ ಸೂಜಿ ಇಳಿಸಿ ಅಳೆಯಿರಿ. ಟಾರ್ಚ್ ಹಿಡಿದು ಪಿನ್ ಹಿಂದೆ ಸರಿದಿದೆಯೇ, ಹಸಿರು ತುಕ್ಕು ಹಿಡಿದಿದೆಯೇ ಎಂಬುದನ್ನೂ ನೋಡಿಕೊಳ್ಳಿ. ಸ್ಕ್ಯಾನರನ್ನು ಕೈಯಲ್ಲಿ ಸ್ವಲ್ಪ ಅಲುಗಿಸಿದಾಗ ಸಂಪರ್ಕ ಬಂದು ಹೋಗುತ್ತಿದ್ದರೆ ದೋಷ ಈ ಹಿಡಿಕೆಗಳಲ್ಲೇ ಇದೆ.

## ಫೋನ್ ಬಳಸುವವರಿಗೆ

ಬ್ಲೂಟೂತ್ ಅಥವಾ ವೈಫೈ ಅಡಾಪ್ಟರ್ ಬಳಸುವಾಗ ಸಂಪರ್ಕಗಳು ಎರಡು: ಫೋನಿನಿಂದ ಅಡಾಪ್ಟರಿಗೆ ಒಂದು, ಅಡಾಪ್ಟರಿನಿಂದ ಕಾರಿಗೆ ಇನ್ನೊಂದು. ಯಾವುದು ಕಡಿದಿದೆ ಎಂಬುದನ್ನು ಆ್ಯಪ್ ಬೇರೆಬೇರೆಯಾಗಿ ತೋರಿಸುತ್ತದೆ. ‘ಅಡಾಪ್ಟರ್ ಸಿಕ್ಕಿತು, ಇಸಿಯು ಸಿಗಲಿಲ್ಲ’ ಎಂದರೆ ಫೋನಿನ ಕಡೆ ಸರಿಯಿದೆ; ಸೆಟ್ಟಿಂಗ್ಸ್ ಕೆದಕುತ್ತ ಕೂರಬೇಡಿ.

ಐಫೋನ್ ಬಳಸುವವರು ಹಳೆಯ ಮಾದರಿಯ, ಅಂದರೆ ಕ್ಲಾಸಿಕ್ ಬ್ಲೂಟೂತ್‌ನ ಸಾಮಾನ್ಯ ಅಡಾಪ್ಟರ್ ಕೊಂಡಿದ್ದರೆ ಅದು ಕೂಡುವುದೇ ಇಲ್ಲ. ವೈಫೈ ಅಥವಾ ಬ್ಲೂಟೂತ್ ಲೋ ಎನರ್ಜಿ ಮಾದರಿ ಬೇಕು. ಲೋ ಎನರ್ಜಿ ಅಡಾಪ್ಟರನ್ನು ಫೋನಿನ ಬ್ಲೂಟೂತ್ ಸೆಟ್ಟಿಂಗ್ಸ್‌ನಲ್ಲಿ ಜೋಡಿಸಲು ಹೋಗದೆ ಆ್ಯಪ್ ಒಳಗಿನಿಂದಲೇ ಹುಡುಕಿ. ಆಂಡ್ರಾಯ್ಡ್‌ನಲ್ಲಿ ಕ್ಲಾಸಿಕ್ ಅಡಾಪ್ಟರನ್ನು ಮೊದಲು ಸೆಟ್ಟಿಂಗ್ಸ್‌ನಲ್ಲಿ ಜೋಡಿಸಬೇಕು. ಗುಪ್ತಸಂಖ್ಯೆ (ಪಿನ್) ಕೇಳಿದರೆ 1234 ಅಥವಾ 0000 ಪ್ರಯತ್ನಿಸಿ. ಆಂಡ್ರಾಯ್ಡ್ 12 ಮತ್ತು ನಂತರದವುಗಳಲ್ಲಿ ಆ್ಯಪ್‌ಗೆ ‘ಹತ್ತಿರದ ಸಾಧನಗಳು’ ಅನುಮತಿ, ಅದಕ್ಕಿಂತ ಹಳೆಯದರಲ್ಲಿ ಸ್ಥಳದ ಅನುಮತಿ ಕೊಟ್ಟಿರಬೇಕು.

ವೈಫೈ ಅಡಾಪ್ಟರಿನ ತೊಂದರೆ ಬೇರೆ. ಅದರಲ್ಲಿ ಇಂಟರ್‌ನೆಟ್ ಇಲ್ಲದ್ದನ್ನು ಕಂಡು ಫೋನ್ ತಾನಾಗಿಯೇ ಮೊಬೈಲ್ ಡೇಟಾಕ್ಕೆ ಹಾರುತ್ತದೆ. ಡೇಟಾ ಆಫ್ ಮಾಡಿ ನೋಡಿ. ಆ್ಯಪ್‌ನಲ್ಲಿ ವಿಳಾಸ ಸಾಮಾನ್ಯವಾಗಿ 192.168.0.10, ಪೋರ್ಟ್ 35000 ಎಂದಿರಬೇಕು. ಐಫೋನಿನಲ್ಲಿ ‘ಲೋಕಲ್ ನೆಟ್‌ವರ್ಕ್’ ಅನುಮತಿಯನ್ನೂ ನೋಡಿ. ಎರಡು ಆ್ಯಪ್‌ಗಳು ಒಂದೇ ಅಡಾಪ್ಟರಿಗೆ ಜಗಳವಾಡುವುದೂ ಉಂಟು. ಹಿನ್ನೆಲೆಯಲ್ಲಿ ತೆರೆದಿರುವುದನ್ನು ಮುಚ್ಚಿ. ಲ್ಯಾಪ್‌ಟಾಪಿಗೆ ಯುಎಸ್‌ಬಿ ಕೇಬಲ್ ಆದರೆ ಡ್ರೈವರ್ ಕೂತಿದೆಯೇ, ಆ್ಯಪ್‌ನಲ್ಲಿ ಆರಿಸಿದ ಕಾಮ್ ಪೋರ್ಟ್ ಸಂಖ್ಯೆ ಸರಿಯೇ ಎಂದು ನೋಡಿದರೆ ಆಯಿತು.

## ಭಾಷೆ ಹೊಂದುತ್ತಿದೆಯೇ

ಸಾಕೆಟ್ ಒಂದೇ ಆಕಾರದ್ದಾದರೂ ಒಳಗಿನ ಭಾಷೆ ಐದು ಬಗೆ. ಹಳೆಯ ಫೋರ್ಡ್‌ಗಳ ಜೆ1850 ಪಿಡಬ್ಲ್ಯುಎಂ, ಜನರಲ್ ಮೋಟಾರ್ಸ್‌ನ ಜೆ1850 ವಿಪಿಡಬ್ಲ್ಯು, ಐಎಸ್‌ಒ 9141-2, ಕೆಡಬ್ಲ್ಯುಪಿ ಎಂದು ಕರೆಯುವ ಐಎಸ್‌ಒ 14230, ಮತ್ತು ಈಗ ಬಹುತೇಕ ಕಾರುಗಳಲ್ಲಿರುವ ಕ್ಯಾನ್, ಅಂದರೆ ಐಎಸ್‌ಒ 15765-4. ಅಮೆರಿಕದಲ್ಲಿ ಓಬಿಡಿ-2, ಅಂದರೆ ಈ ಸಾಕೆಟ್ ಮತ್ತು ಕೋಡ್‌ಗಳ ಸಾಮಾನ್ಯ ನಿಯಮ, ಕಡ್ಡಾಯವಾದದ್ದು 1996ರ ಮಾದರಿಗಳಿಂದ, ಕ್ಯಾನ್ ಕಡ್ಡಾಯವಾದದ್ದು 2008ರ ಮಾದರಿಗಳಿಂದ. ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ ಈ ಬಗೆಯ ನಿಯಮ ಬಂತು. ಅದಕ್ಕಿಂತ ಹಳೆಯ ಕಾರಿನಲ್ಲಿ ಹದಿನಾರು ಪಿನ್ನಿನ ಸಾಕೆಟ್ ಕಂಡ ಮಾತ್ರಕ್ಕೆ ಸಾಮಾನ್ಯ ಸ್ಕ್ಯಾನರ್ ಓದಬೇಕೆಂದಿಲ್ಲ. ಒಳಗೆ ಕಂಪನಿಯದೇ ಆದ ಭಾಷೆ ಇರಬಹುದು. ಎಲೆಕ್ಟ್ರಿಕ್ ಕಾರುಗಳಿಗೂ ಇದೇ ಮಾತು. ಹೊಗೆಯ ನಿಯಮಕ್ಕಾಗಿ ಹುಟ್ಟಿದ ಸಾಮಾನ್ಯ ಕೋಡ್‌ಗಳಿಗೆ ಅವು ಉತ್ತರಿಸದೇ ಇರಬಹುದು. ಆ ಮಾದರಿಗೆಂದೇ ಇರುವ ಆ್ಯಪ್ ಬೇಕಾಗುತ್ತದೆ.

ಕಾರಿನ ಭಾಷೆ ಯಾವುದೆಂದು ಸಾಕೆಟ್ಟೇ ಹೇಳುತ್ತದೆ. 6 ಮತ್ತು 14ರಲ್ಲಿ ಲೋಹದ ಪಿನ್ ಇದ್ದರೆ ಕ್ಯಾನ್, 7ರಲ್ಲಿದ್ದರೆ ಕೆ-ಲೈನ್, ಅಂದರೆ ಐಎಸ್‌ಒ 9141 ಅಥವಾ ಕೆಡಬ್ಲ್ಯುಪಿ. 2ರಲ್ಲಿದ್ದರೆ ಜೆ1850. ಕೆಲವು ಕಾರುಗಳಲ್ಲಿ ಒಂದಕ್ಕಿಂತ ಹೆಚ್ಚು ಇರುತ್ತವೆ. ಸ್ಕ್ಯಾನರಿನಲ್ಲಿ ಪ್ರೋಟೋಕಾಲ್ ‘ಆಟೊ’ ಇಟ್ಟು ಸಿಗದಿದ್ದರೆ ಈ ಪಿನ್‌ಗಳನ್ನು ನೋಡಿ ಕೈಯಾರೆ ಆರಿಸಿ. ಕೆ-ಲೈನ್ ಕಾರುಗಳಲ್ಲಿ ಮೊದಲ ಪರಿಚಯದ ಸಂಕೇತ ಸೆಕೆಂಡಿಗೆ ಬರೀ 5 ಬಿಟ್ ವೇಗದಲ್ಲಿ ಹೋಗುವುದುಂಟು. ಅವಸರಪಟ್ಟು ರದ್ದು ಮಾಡದೆ ಕಾಯಿರಿ.

ಒಳಗಿನ ಚಿಪ್ಪಿನಿಂದ ಇಎಲ್‌ಎಂ327 ಎಂಬ ಹೆಸರು ಪಡೆದ ಅಗ್ಗದ ಅಡಾಪ್ಟರ್‌ಗಳ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ಕುತೂಹಲಕ್ಕೆ ಸರಿ, ಸಂಪರ್ಕದ ದೋಷ ಹುಡುಕಲು ನಂಬುವಂಥವಲ್ಲ. ‘ಆವೃತ್ತಿ 1.5’ ಎಂದು ಹೇಳಿಕೊಳ್ಳುವ ಚಿಪ್ಪನ್ನು ಮೂಲ ಕಂಪನಿ ಎಂದೂ ಬಿಡುಗಡೆ ಮಾಡಿಲ್ಲ. ‘2.1’ ಎಂದು ಬರೆದಿರುವ ನಕಲುಗಳಲ್ಲಿ ಹಲವು ಆದೇಶಗಳೇ ಇರುವುದಿಲ್ಲ. ಆದೇಶ ಟೈಪ್ ಮಾಡಿ ಕಳಿಸುವ ಟರ್ಮಿನಲ್ ಆ್ಯಪ್‌ನಲ್ಲಿ ‘ಎಟಿಆರ್‌ವಿ’ (ATRV) ಕಳಿಸಿದರೆ ಅಡಾಪ್ಟರ್ ತನಗೆ ಸಿಗುತ್ತಿರುವ ವೋಲ್ಟೇಜ್ ಹೇಳುತ್ತದೆ, ‘ಎಟಿಎಸ್‌ಪಿ0’ (ATSP0) ಕಳಿಸಿ ಬಳಿಕ ‘0100’ ಕಳಿಸಿದರೆ ಕಾರಿನ ಭಾಷೆ ಹುಡುಕುತ್ತದೆ. ಬರುವ ಉತ್ತರವನ್ನು ಅಕ್ಷರಶಃ ಓದಿ. ‘ಅನೇಬಲ್ ಟು ಕನೆಕ್ಟ್’ ಎಂದರೆ ಗೊತ್ತಿರುವ ಎಲ್ಲ ಭಾಷೆಯಲ್ಲೂ ಕರೆದು ನೋಡಿತು, ಯಾರೂ ಓಗೊಡಲಿಲ್ಲ. ‘ನೋ ಡೇಟಾ’ ಎಂದರೆ ಕೇಳಿದ ಆ ಪ್ರಶ್ನೆಗೆ ಉತ್ತರ ಬರಲಿಲ್ಲ ಎಂದಷ್ಟೇ; ಪೂರ್ತಿ ಸಂಪರ್ಕವೇ ಇಲ್ಲ ಎಂದಲ್ಲ. ‘ಬಸ್ ಇನಿಟ್ ಎರರ್’ ಬಂದರೆ ಕೆ-ಲೈನ್ ಕಡೆ, ‘ಕ್ಯಾನ್ ಎರರ್’ ಬಂದರೆ 6 ಮತ್ತು 14ರ ಕಡೆ ನೋಡಿ. ಪ್ರಶ್ನಾರ್ಥಕ ಚಿಹ್ನೆ ಮಾತ್ರ ಬಂದರೆ ಅಡಾಪ್ಟರಿಗೆ ಆ ಆದೇಶವೇ ತಿಳಿಯದು.

## ಡೇಟಾ ತಂತಿಗಳನ್ನು ಅಳೆಯುವುದು

ಇದು ಈ ಹುಡುಕಾಟದ ಹೃದಯಭಾಗ, ಕಷ್ಟವೂ ಅಲ್ಲ. ಕ್ಯಾನ್ ಎಂದರೆ ಒಂದಕ್ಕೊಂದು ಹೆಣೆದ ಎರಡು ತಂತಿ: 6ನೇ ಪಿನ್ ಕ್ಯಾನ್ ಹೈ, 14ನೇ ಪಿನ್ ಕ್ಯಾನ್ ಲೋ. ಈ ಜೋಡಿಯ ಎರಡೂ ತುದಿಗಳಲ್ಲಿ ಒಂದೊಂದು 120 ಓಮ್ ರೆಸಿಸ್ಟರ್ ಇರುತ್ತದೆ. ಎರಡೂ ಸಮಾನಾಂತರವಾಗಿರುವುದರಿಂದ ಒಟ್ಟಿಗೆ 60 ಓಮ್ ಕಾಣಬೇಕು.

ಕೀ ಆಫ್ ಮಾಡಿ, ಬಾಗಿಲು ಮುಚ್ಚಿ, ಯೂನಿಟ್‌ಗಳೆಲ್ಲ ನಿದ್ದೆಗೆ ಜಾರಲು ಕೆಲವು ನಿಮಿಷ ಬಿಟ್ಟು, ಬ್ಯಾಟರಿಯ ಮೈನಸ್ ಕಳಚಿ. ಸ್ಕ್ಯಾನರ್ ಸಾಕೆಟ್ಟಿನಲ್ಲಿರಬಾರದು. ಈಗ 6 ಮತ್ತು 14ರ ನಡುವೆ ಓಮ್ ಅಳೆಯಿರಿ. 60ರ ಆಸುಪಾಸು ಬಂದರೆ ಜೋಡಿ ತಂತಿ ಕಡಿದಿಲ್ಲ, ಒಂದಕ್ಕೊಂದು ತಾಗಿಯೂ ಇಲ್ಲ. 120 ಬಂದರೆ ಒಂದು ತುದಿ ಕಳಚಿಕೊಂಡಿದೆ: ತಂತಿ ಕಡಿದಿದೆ, ಅಥವಾ ರೆಸಿಸ್ಟರ್ ಇರುವ ಯೂನಿಟ್ ಕನೆಕ್ಟರಿನಿಂದ ಹೊರಬಂದಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ತಂತಿ ಪರಸ್ಪರ ಶಾರ್ಟ್ ಆಗಿವೆ. ಏನೂ ತೋರಿಸದಿದ್ದರೆ ಸಾಕೆಟ್ಟಿನಿಂದಲೇ ತಂತಿ ಕಡಿದಿರಬಹುದು. ಆದರೆ ಅನೇಕ ಹೊಸ ಕಾರುಗಳಲ್ಲಿ ಸಾಕೆಟ್ಟಿಗೂ ಒಳಗಿನ ಬಸ್ಸಿಗೂ (ಯೂನಿಟ್‌ಗಳೆಲ್ಲ ಹಂಚಿಕೊಳ್ಳುವ ಡೇಟಾ ತಂತಿಗೂ) ನಡುವೆ ಗೇಟ್‌ವೇ ಎಂಬ ಯೂನಿಟ್ ಕೂತಿರುತ್ತದೆ. ಅಲ್ಲಿ ಈ ಅಳತೆ ಗೇಟ್‌ವೇವರೆಗಿನ ತಂತಿಯದ್ದು ಮಾತ್ರ, 60 ಬರಲೇಬೇಕೆಂದೇನೂ ಇಲ್ಲ. ವೈರಿಂಗ್ ನಕ್ಷೆ ನೋಡದೆ ಅಂಥ ಕಾರಿನ ಮೇಲೆ ತೀರ್ಪು ಕೊಡಬೇಡಿ.

ಬ್ಯಾಟರಿ ಮರಳಿ ಜೋಡಿಸಿ, ಕೀ ಆನ್ ಮಾಡಿ, ಒಂದೊಂದು ಪಿನ್ನನ್ನೂ ಅರ್ಥ್‌ಗೆ ಅಳೆಯಿರಿ. ಕ್ಯಾನ್ ಸುಮ್ಮನಿರುವಾಗ ಎರಡೂ ತಂತಿ 2.5 ವೋಲ್ಟಿನಲ್ಲಿರುತ್ತವೆ. ಮಾತು ನಡೆಯುವಾಗ ಹೈ 3.5ರ ಕಡೆಗೆ ಏರುತ್ತದೆ, ಲೋ 1.5ರ ಕಡೆಗೆ ಇಳಿಯುತ್ತದೆ. ಮಲ್ಟಿಮೀಟರ್ ಸರಾಸರಿ ತೋರಿಸುವುದರಿಂದ ಹೈ 2.5ಕ್ಕಿಂತ ಸ್ವಲ್ಪ ಮೇಲೆ, ಲೋ ಸ್ವಲ್ಪ ಕೆಳಗೆ ಕಾಣುತ್ತದೆ; ಎರಡನ್ನೂ ಕೂಡಿಸಿದರೆ ಸುಮಾರು 5 ವೋಲ್ಟ್ ಆಗಬೇಕು. ಒಂದು ತಂತಿ ಸೊನ್ನೆಯಲ್ಲಿದ್ದರೆ ಅದು ಅರ್ಥ್‌ಗೆ ತಾಗಿದೆ, 12ರಲ್ಲಿದ್ದರೆ ಬ್ಯಾಟರಿ ತಂತಿಗೆ ತಾಗಿದೆ.

ಕೆ-ಲೈನ್ ಕಾರುಗಳಲ್ಲಿ ಓಮ್ ಲೆಕ್ಕ ಇಲ್ಲ. ಕೀ ಆನ್ ಇರುವಾಗ 7ನೇ ಪಿನ್ನಿನಲ್ಲಿ ಹೆಚ್ಚೂಕಡಿಮೆ ಬ್ಯಾಟರಿಯಷ್ಟೇ ವೋಲ್ಟೇಜ್ ಇರಬೇಕು. ಸೊನ್ನೆ ಇದ್ದರೆ ತಂತಿ ಅರ್ಥ್‌ಗೆ ತಾಗಿದೆ ಅಥವಾ ಕಡಿದಿದೆ. ಹೊರಗಿನಿಂದ ತಂದು ಹಾಕಿಸಿದ ಸ್ಟೀರಿಯೊ ಇಲ್ಲಿ ಹಳೆಯ ಆರೋಪಿ. ಹಳೆಯ ಫೋಕ್ಸ್‌ವ್ಯಾಗನ್, ಔಡಿ ಕಾರುಗಳಲ್ಲಿ ರೇಡಿಯೊ ಕನೆಕ್ಟರಿಗೂ ಕೆ-ಲೈನ್ ಬಂದಿರುತ್ತದೆ. ಬೇರೆ ಕಂಪನಿಯ ಸ್ಟೀರಿಯೊ ಆ ಪಿನ್ನನ್ನು ಬೇರೆ ಕೆಲಸಕ್ಕೆ ಬಳಸಿದರೆ ಸ್ಕ್ಯಾನರಿನ ಮಾತು ಅಲ್ಲೇ ನಿಂತುಹೋಗುತ್ತದೆ. ಸ್ಟೀರಿಯೊ ಹೊರಗೆಳೆದು ಕನೆಕ್ಟರ್ ಕಳಚಿ ಮತ್ತೆ ಪ್ರಯತ್ನಿಸಿದರೆ ಉತ್ತರ ಸಿಗುತ್ತದೆ.

## ಬಸ್ಸನ್ನು ಹಿಡಿದು ಕೂತಿರುವುದು ಯಾವುದು

ಕ್ಯಾನ್ ಬಸ್ಸಿನಲ್ಲಿ ಎಂಜಿನ್, ಎಬಿಎಸ್, ಏರ್‌ಬ್ಯಾಗ್, ಮೀಟರ್ ಬೋರ್ಡ್ ಎಲ್ಲವೂ ಒಂದೇ ಜೋಡಿ ತಂತಿಗೆ ಕೂತಿರುತ್ತವೆ. ಒಂದು ಯೂನಿಟ್ ಒಳಗೆ ಶಾರ್ಟ್ ಆದರೆ ಎಲ್ಲರ ಬಾಯೂ ಕಟ್ಟುತ್ತದೆ. ಮೊದಲು ಕಳಚಬೇಕಾದ್ದು ಕಾರಿನ ಜೊತೆ ಹುಟ್ಟದೆ ಆಮೇಲೆ ಸೇರಿಕೊಂಡವು: ಅಲಾರಂ, ಟ್ರ್ಯಾಕರ್, ಸಾಕೆಟ್ಟಿನ ಸ್ಪ್ಲಿಟರ್, ಆಂಡ್ರಾಯ್ಡ್ ಸ್ಟೀರಿಯೊದ ಕ್ಯಾನ್ ಡಬ್ಬಿ. ಕೇಬಲ್ ಉದ್ದ ಮಾಡುವ ಎಕ್ಸ್‌ಟೆನ್ಷನ್ ಇದ್ದರೆ ಅದನ್ನೂ ತೆಗೆಯಿರಿ. ಆಮೇಲೆ ನೀರು ಸೇರುವ ಜಾಗಗಳು: ಕಾಲಡಿಯ ಮ್ಯಾಟ್ ಕೆಳಗೆ, ಡಿಕ್ಕಿಯ ಮೂಲೆ, ಬಾಗಿಲಿನ ಮಡಿಕೆಯ ರಬ್ಬರ್ ಕೊಳವೆ.

ಆಮೇಲೂ ಸಿಗದಿದ್ದರೆ ಬ್ಯಾಟರಿ ಕಳಚಿ, ಮಲ್ಟಿಮೀಟರನ್ನು 6 ಮತ್ತು 14ಕ್ಕೆ ಜೋಡಿಸಿಟ್ಟು, ಯೂನಿಟ್‌ಗಳ ಕನೆಕ್ಟರನ್ನು ಒಂದೊಂದಾಗಿ ಬಿಡಿಸಿ. ಯಾವುದನ್ನು ಬಿಡಿಸಿದಾಗ ಅಳತೆ ಸೊನ್ನೆಯಿಂದ 60 ಅಥವಾ 120ಕ್ಕೆ ಹಾರುತ್ತದೋ ದೋಷ ಅದರಲ್ಲಿದೆ, ಅಥವಾ ಅದಕ್ಕೆ ಹೋಗುವ ತಂತಿಯಲ್ಲಿದೆ. ಏರ್‌ಬ್ಯಾಗ್ ಯೂನಿಟ್ಟನ್ನು ಮಾತ್ರ ಈ ಸಾಲಿನಿಂದ ಹೊರಗಿಡಿ, ಅದು ತರಬೇತಿ ಇರುವವರ ಕೆಲಸ. ಸ್ಕ್ಯಾನರ್ ಕೆಲವು ಯೂನಿಟ್‌ಗಳ ಜೊತೆ ಮಾತಾಡುತ್ತಿದ್ದರೆ ಅವುಗಳಲ್ಲಿರುವ ‘ಯು’ ಅಕ್ಷರದ ಕೋಡ್‌ಗಳನ್ನು ಓದಿ. ಯು0100 ಎಂದರೆ ಎಂಜಿನ್ ಇಸಿಯು ಸಿಗುತ್ತಿಲ್ಲ, ಯು0121 ಎಂದರೆ ಎಬಿಎಸ್ ಸಿಗುತ್ತಿಲ್ಲ. ಎಲ್ಲ ಯೂನಿಟ್‌ಗಳೂ ಒಂದನ್ನೇ ಬೊಟ್ಟು ಮಾಡಿ ತೋರಿಸುತ್ತಿದ್ದರೆ ಹುಡುಕಾಟ ಅಲ್ಲಿಗೆ ಕಿರಿದಾಯಿತು.

ಕೋಡ್ ಓದಲು ಬರುತ್ತದೆ, ಅಳಿಸಲು ಬರುವುದಿಲ್ಲ ಎಂಬ ದೂರು ಬೇರೆ ಜಾತಿಯದು. ಅದು ದೋಷವಲ್ಲ, ಬೀಗ. ಫಿಯೆಟ್ ಕ್ರೈಸ್ಲರ್ ಗುಂಪಿನ ಕಾರುಗಳಲ್ಲಿ 2018ರಿಂದ ಬಂದ ಸೆಕ್ಯುರಿಟಿ ಗೇಟ್‌ವೇ ಇಂಥದ್ದು; ಗಾಲ್ಫ್ 8ರಿಂದ ಫೋಕ್ಸ್‌ವ್ಯಾಗನ್ ತಂದ ಎಸ್‌ಎಫ್‌ಡಿ ಯೂನಿಟ್‌ಗಳ ಸೆಟ್ಟಿಂಗ್ ಬದಲಿಸುವುದಕ್ಕೆ ಹಾಕಿದ ಬೀಗ. ನೋಂದಾಯಿತ ಸ್ಕ್ಯಾನರ್ ಇಲ್ಲದೆ ಇವು ತೆರೆಯುವುದಿಲ್ಲ. ಇಂಥ ಕಾರಿನಲ್ಲಿ ತಂತಿ ಅಳೆಯುತ್ತ ಸಮಯ ಕಳೆಯಬೇಡಿ.

## ಎಂಜಿನ್ ಇಸಿಯು ಒಂದೇ ಮೌನವಾಗಿದ್ದರೆ

ಉಳಿದ ಯೂನಿಟ್‌ಗಳು ಉತ್ತರಿಸುತ್ತಿವೆ, ಎಂಜಿನ್ ಇಸಿಯು ಮಾತ್ರ ಇಲ್ಲ. ಈಗಲೂ ಅದನ್ನು ಬದಲಿಸುವ ಮಾತು ದೂರವೇ ಇರಲಿ. ಇಸಿಯುವಿಗೆ ಒಂದಕ್ಕಿಂತ ಹೆಚ್ಚು ಕರೆಂಟ್ ದಾರಿಗಳಿರುತ್ತವೆ: ಬ್ಯಾಟರಿಯಿಂದ ನೇರ ಬರುವುದು, ಇಗ್ನಿಷನ್ನಿನಿಂದ ಬರುವುದು, ಮೇನ್ ರಿಲೇಯಿಂದ ಬರುವುದು. ಅರ್ಥ್ ಕೂಡ ಹಲವು. ಎಂಜಿನ್ ಬೇಯ ಫ್ಯೂಸ್ ಡಬ್ಬಿಯಲ್ಲಿ ಇಸಿಎಂ, ಪಿಸಿಎಂ, ಇಎಫ್‌ಐ ಎಂದು ಬರೆದಿರುವ ಫ್ಯೂಸ್‌ಗಳನ್ನು ಟೆಸ್ಟ್ ಲ್ಯಾಂಪಿನಿಂದ ನೋಡಿ. ಕೀ ಆನ್ ಮಾಡಿದಾಗ ಮೇನ್ ರಿಲೇಯ ‘ಟಕ್’ ಸದ್ದು ಕೇಳುತ್ತದೆಯೇ ಗಮನಿಸಿ. ಅದೇ ಡಬ್ಬಿಯಲ್ಲಿ ಅದೇ ಸಂಖ್ಯೆಯ ಇನ್ನೊಂದು ರಿಲೇ ಇದ್ದರೆ ಅದಲು ಬದಲು ಮಾಡಿ ನೋಡಬಹುದು. ಇತ್ತೀಚೆಗೆ ಕ್ಲಚ್, ಗೇರ್‌ಬಾಕ್ಸ್ ಅಥವಾ ಬ್ಯಾಟರಿ ಕೆಲಸ ಆಗಿದ್ದರೆ ಎಂಜಿನ್ನಿನ ಅರ್ಥ್ ತಂತಿಯನ್ನು ಮರಳಿ ಬಿಗಿ ಮಾಡಿದ್ದಾರೆಯೇ ಎಂಬುದು ಮೊದಲ ಅನುಮಾನವಾಗಲಿ.

ಕರೆಂಟು, ಅರ್ಥ್ ಎರಡೂ ಸರಿಯಿದ್ದರೆ ಇನ್ನೊಂದು ಪರೀಕ್ಷೆ ಬಾಕಿ ಇದೆ. ಹಲವರು ಇದನ್ನು ಬಿಟ್ಟುಬಿಡುತ್ತಾರೆ. ಸೆನ್ಸರ್‌ಗಳಿಗೆ ಇಸಿಯು 5 ವೋಲ್ಟ್ ಕೊಡುತ್ತದೆ. ಒಂದು ಸೆನ್ಸರ್ ಒಳಗೇ ಶಾರ್ಟ್ ಆದರೆ, ಅಥವಾ ಆ ತಂತಿ ಎಂಜಿನ್ನಿಗೆ ಉಜ್ಜಿ ಕವಚ ಹರಿದರೆ, ಈ 5 ವೋಲ್ಟ್ ಕುಸಿಯುತ್ತದೆ. ಕೆಲವು ಕಾರುಗಳಲ್ಲಿ ಇಸಿಯುವಿನ ಬಾಯಿಯೂ ಅದರ ಜೊತೆಗೇ ಮುಚ್ಚುತ್ತದೆ. ಕೀ ಆನ್ ಇಟ್ಟು, ಥ್ರಾಟಲ್ ಅಥವಾ ಮ್ಯಾಪ್ (ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ) ಸೆನ್ಸರಿನ ಕನೆಕ್ಟರಿನಲ್ಲಿ 5 ವೋಲ್ಟ್ ಇದೆಯೇ ಅಳೆಯಿರಿ. ಇಲ್ಲದಿದ್ದರೆ ಮೀಟರ್ ಅಲ್ಲೇ ಇಟ್ಟುಕೊಂಡು ಎಂಜಿನ್ ಸೆನ್ಸರ್‌ಗಳನ್ನು ಒಂದೊಂದಾಗಿ ಕಳಚುತ್ತ ಹೋಗಿ. ಪ್ರತಿ ಸಲವೂ ಕೀ ಆಫ್ ಮಾಡಿ ಕಳಚಿ, ಮತ್ತೆ ಆನ್ ಮಾಡಿ ನೋಡಿ. 5 ವೋಲ್ಟ್ ಮರಳಿದ ಕ್ಷಣ ಸ್ಕ್ಯಾನರ್ ಚುಚ್ಚಿದರೆ ಇಸಿಯು ಉತ್ತರಿಸುತ್ತದೆ. ಕೊನೆಗೆ ಕಳಚಿದ ಆ ಸೆನ್ಸರನ್ನೂ ಅದರ ತಂತಿಯನ್ನೂ ಪರೀಕ್ಷಿಸಿ. ಎಲ್ಲ ಸೆನ್ಸರ್ ಕಳಚಿದ ಮೇಲೂ 5 ವೋಲ್ಟ್ ಬರದಿದ್ದರೆ, ತಂತಿಯಲ್ಲಿ ಶಾರ್ಟ್ ಇಲ್ಲವೆಂದೂ ಖಚಿತವಾದರೆ, ಇಸಿಯು ಬಿಚ್ಚಿ ರಿಪೇರಿಯವರ ಮೇಜಿಗೆ ಒಯ್ಯಬಹುದು.